ಹೆಪ್ಸಿಬಾ ದೊಡ್ಡಮ್ಮ ಸತ್ತ ವರ್ಷ

ನಮ್ಮ ದೊಡ್ಡಮ್ಮ ಹೆಪ್ಸಿಬಾ ತಾನು ಸತ್ತೆನೆಂದು ಸಾರಿದ್ದು ಒಂದು ಭಾನುವಾರ ಬೆಳಿಗ್ಗೆ, ಪೂಜೆ ಮುಗಿದ ಮೇಲೆ, ಇಗರ್ಜಿಯ ಅಂಗಳದಲ್ಲಿ, ಬಾಯಿತುಂಬ ಅಡಿಕೆ ಜಗಿಯುತ್ತ.

"ನೋಡ್ರಪ್ಪಾ, ನಾನು ಸತ್ತೋದೆ. ಹೂಳೋದೇನೂ ಬೇಡ, ಅವಸರ ಇಲ್ಲ. ಬಯಲಿಗೆ ಎಲೆ ಕಟ್ಟಿ ಸಾಕು."

ಅಂಗಳದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೊಬ್ಬಳು ನಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಈ ಮಾತು ಯಾರ ತಲೆಯ ಮೇಲೆ ಬಂದು ಕೂರುತ್ತದೆಂದು ನನಗೆ ಗೊತ್ತಿತ್ತು.

ನಮ್ಮೂರಿನ ಹಿಂದೆ, ಬೆಟ್ಟದ ಬುಡದಲ್ಲಿ, ಕೋಳಿ ಬಯಲಿದೆ. ಅಲ್ಲಿಯ ಮರಳು ಯಾವಾಗಲೂ ಬೆಚ್ಚಗಿರುತ್ತದೆ, ಬೆಟ್ಟದ ಹೊಟ್ಟೆಯೊಳಗೆ ಬೆಂಕಿಯಿದೆಯಲ್ಲ. ಬೆಳಕು ಹರಿಯುವ ಹೊತ್ತಿಗೆ ಮರಳುಕೋಳಿಗಳು ಕಾಡಿನಿಂದ ಇಳಿದು ಬರುತ್ತವೆ. ತೋಳುದ್ದ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ, ಹಿಂದಿರುಗಿಯೂ ನೋಡದೆ ಹೋಗಿಬಿಡುತ್ತವೆ. ಕಾವು ಕೊಡುವ ಕೆಲಸ ಬೆಟ್ಟದ್ದು. ಮರಿ ತಾನೇ ಮರಳು ಬಗೆದು ಮೇಲೆ ಬಂದು, ಅವತ್ತೇ ಹಾರುತ್ತದೆ. ಅದೂ ನಾವು ಮೊಟ್ಟೆ ಉಳಿಸಿದರೆ. ಕೋಳಿ ಎದ್ದುಹೋದ ಮೇಲೆ ನಾವು ಹೆಂಗಸರು ಹೋಗಿ, ಬೋರಲಾಗಿ ಮಲಗಿ, ತೋಳನ್ನು ಬುಡದವರೆಗೆ ಇಳಿಸಿ ತೆಗೆಯುತ್ತೇವೆ. ಸುತ್ತ ತೆಂಗಿನ ಗರಿಯ ಬೇಲಿ, ಒಳಗೆ ಒಂದೊಂದು ಮನೆಗೆ ಒಂದೊಂದು ತುಂಡು ನೆಲ. ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ ಹೋಗುತ್ತದೆ. ಸೋದರಮಾವಂದಿರು ಮಾತಾಡುತ್ತಾರೆ, ಅಷ್ಟೆ.

ಮೊಟ್ಟೆ ಒಂದೊಂದೂ ಅಂಗೈ ತುಂಬುವಷ್ಟು ದೊಡ್ಡದು, ಒಳಗೆ ಬರೀ ಹಳದಿ. ಎಲೆಯಲ್ಲಿ ಸುತ್ತಿ, ತೆಂಗಿನ ಹಾಲು ಹಾಕಿ, ಬಿಸಿ ಕಲ್ಲಿನಲ್ಲಿ ಹೂತು ಬೇಯಿಸಿದರೆ ಬಿಷಪ್ಪರೂ ಎರಡನೆಯ ಸಲ ಕೇಳುತ್ತಾರೆ. ಕಡಲಾಚೆಯ ರಾಜಧಾನಿ ಹೊನಿಯಾರಾದ ಒಂದು ಹೋಟೆಲಿಗೆ ಸಾಮಾನು ಕೊಳ್ಳುವ ಲೆಸ್ಲಿ ಎಂಬವನು ನನ್ನ ಕೈಯ ಮೊಟ್ಟೆ ತಿಂದು, "ನೆಸ್ಟಾ, ವಾರಾವಾರ ಬುಟ್ಟಿ ತುಂಬ ಕಳಿಸು, ಎಷ್ಟಿದ್ರೂ ತಗೋತೀನಿ" ಎಂದಿದ್ದ. ಅದೇ ಧೈರ್ಯದ ಮೇಲೆ ನಾನು ದೋಣಿಕಟ್ಟೆಯ ಹತ್ತಿರ ಅಡುಗೆಮನೆ ಕಟ್ಟಿಸತೊಡಗಿದ್ದೆ. ನೆಲಕ್ಕೆ ಸಿಮೆಂಟು, ಮೇಲೆ ತಗಡು, ಒಳಗೆ ದೊಡ್ಡ ಒಲೆ. ಊರಿನ ಐದಾರು ಹೆಂಗಸರು ನನ್ನ ಜೊತೆ ಸೇರಿದ್ದರು. ನಮ್ಮೂರಲ್ಲಿ ಕೊಬ್ಬರಿ ಬಿಟ್ಟರೆ ಕಾಸು ಕಾಣುವ ದಾರಿಯೇ ಇರಲಿಲ್ಲ. ಗಂಡಸರು ಮರ ಕಡಿಯುವ ಕಂಪನಿಗಳಿಗೆ ಹೋಗಿ ತಿಂಗಳುಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ನನ್ನ ಗಂಡ ಎಲಿಸನ್ನೂ ಹಾಗೆಯೇ ಹೋಗುತ್ತಿದ್ದವನು, ಅಡುಗೆಮನೆಯ ಮರಗೆಲಸಕ್ಕೆಂದು ಬಂದು ಉಳಿದಿದ್ದ. ಆ ಅಡುಗೆಮನೆ ನನ್ನ ಪ್ರಾಣವಾಗಿತ್ತು. ಮೊಟ್ಟೆಯಿಲ್ಲದಿದ್ದರೆ ಅದು ಬರೀ ತಗಡು.

ಕೋಳಿಗಳು ಕಡಿಮೆಯಾಗುತ್ತಿರುವುದು ನನಗೆ ಗೊತ್ತಿರಲಿಲ್ಲವೇ? ನಾನೇನು ಕುರುಡಿಯೇ? ನಾನು ಚಿಕ್ಕವಳಿದ್ದಾಗ ಬೇಲಿಯ ಪಕ್ಕ ನಿಂತರೆ ಅವು ಕೆರೆದ ಮರಳು ಮುಖಕ್ಕೆ ಬಂದು ಬಡಿಯುತ್ತಿತ್ತು. ಈಗ ತೋಳು ಇಳಿಸಿದರೆ ಸುಮ್ಮನೆ ಬೆಚ್ಚಗಿನ ಮರಳು, ಇನ್ನೊಂದು ಗುಂಡಿಗೆ ಇಳಿಸಿದರೆ ಅದೂ ಮರಳು. ಪ್ರಾಣಿ ಪಕ್ಷಿ ಕಾಯುವವರು ಪಟ್ಟಣದಿಂದ ಬಂದು ಒಂದು ದೊಡ್ಡ ಬೋರ್ಡು ನೆಟ್ಟು ಹೋಗಿದ್ದರು. ಅದೀಗ ಕಡಲ ದಂಡೆಯಲ್ಲಿ ಮೀನು ಕತ್ತರಿಸುವ ಹಲಗೆಯಾಗಿದೆ. ಹಲಗೆಯೇನೋ ಒಳ್ಳೆಯದೇ. ಬಯಲನ್ನು ಕೆಲವು ತಿಂಗಳು ಮುಚ್ಚೋಣವೆಂದು ಸಭೆ ಸೇರಿದಾಗಲೆಲ್ಲ ಎಲ್ಲರೂ ತಲೆಯಾಡಿಸುವವರೇ. ಕ್ರಿಸ್‌ಮಸ್ ಕಳೆಯಲಿ, ಕ್ರಿಸ್‌ಮಸ್ ಕಳೆದ ಮೇಲೆ ಈಸ್ಟರ್ ಕಳೆಯಲಿ. ನಾನು ಬಿಟ್ಟ ಮೊಟ್ಟೆಯನ್ನು ಪಕ್ಕದವಳು ತೆಗೆಯುವುದಿಲ್ಲವೆಂದು ಯಾವ ಗ್ಯಾರಂಟಿ? ದೊಡ್ಡಮ್ಮ ಬಯಲಿಗೆಲ್ಲ ಹಿರಿಯಳು, ಆದರೂ ಅವಳ ಮಾತಿಗೆ ಹತ್ತು ಮನೆ ಒಪ್ಪಬೇಕು. ಅವಳು ಬಾಯಿ ಬಡಿದುಕೊಂಡದ್ದೇ ಬಂತು.

ಯಾರನ್ನೂ ಕೇಳದೆ ಬಯಲು ಮುಚ್ಚುವುದು ಒಂದೇ ಒಂದು ಕಾರಣಕ್ಕೆ: ಹಿರಿಯಳು ಸತ್ತರೆ. ಅವತ್ತೇ ಬೇಲಿಗೆ ಎಲೆ ಕಟ್ಟುತ್ತಾರೆ. ಅವತ್ತೇ ಒಂದು ಹಂದಿಮರಿ ತಂದು ಕಟ್ಟುತ್ತಾರೆ. ಆ ಮರಿ ಬೆಳೆದು, ಬಿದಿರ ಗಳುವಿಗೆ ಕಟ್ಟಿ ಹೊರಲು ನಾಲ್ಕು ಗಂಡಸರು ಬೇಕಾಗುವಷ್ಟಾದಾಗ ಅದನ್ನು ಕಡಿದು ಊಟ. ಆಮೇಲೇ ಎಲೆ ಬಿಚ್ಚುವುದು. ನಡುವೆ ಒಂದು ಮೊಟ್ಟೆ ತೆಗೆದವರು ದಂಡಕ್ಕೆ ಚಿಪ್ಪಿನ ಹಣದ ಸರ ಕೊಟ್ಟು ಊರಿನ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಆ ಅವಮಾನ ಯಾರಿಗೂ ಬೇಡ.

ಇಷ್ಟೆಲ್ಲ ಲೆಕ್ಕ ಹಾಕಿಯೇ ಆ ಮುದುಕಿ ಸತ್ತಿದ್ದು.

"ದೊಡ್ಡಮ್ಮಾ, ಮಂಗಳವಾರ ದೋಣಿ ಹೋಗ್ತದೆ, ಬುಟ್ಟಿ ತುಂಬಬೇಕು, ಈ ಹುಡುಗಾಟ ಬಿಡು" ಎಂದೆ.

"ಸತ್ತೋರ ಹತ್ರ ಹಂಗೆಲ್ಲ ಮಾತಾಡಬಾರ್ದು ಕಣೇ" ಎಂದು ಅವಳು ಕೋಲೂರಿಕೊಂಡು ಮನೆಗೆ ಹೋಗಿ, ಬಾಗಿಲ ಮುಂದೆ ಚಾಪೆ ಹಾಸಿ, ಎದೆಯ ಮೇಲೆ ಕೈ ಜೋಡಿಸಿ ಮಲಗಿಬಿಟ್ಟಳು. ಜನ ಹಿಂದೆಯೇ ಹೋದರು. ನಾನೂ ಹೋದೆ. ಒಬ್ಬರು ಅವಳ ಅಂಗಾಲಿಗೆ ಕಚಗುಳಿಯಿಟ್ಟರು, ಅವಳು ಅಲುಗಲಿಲ್ಲ. ಇನ್ನೊಬ್ಬರು ಹೂ ತಂದು ಹಾಕಿದರು. ಮಕ್ಕಳು ಕುಣಿದವು. ಎಲ್ಲ ತಮಾಷೆ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಹಸಿವಾಗಿ ತಾನೇ ಎದ್ದು ಬರುತ್ತಿದ್ದಳು. ಆದರೆ ನನ್ನ ಸಿಟ್ಟು ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ.

"ಸತ್ತೋದ್ಯಾ? ಆಗ್ಲಿ! ಅಳೋರಿಲ್ಲ ಅಂತ ಬೇಜಾರಾಗೋದು ಬೇಡ!" ಎಂದು ಕೂಗಿ, ಅವಳ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ತಲೆಗೂದಲು ಬಿಚ್ಚಿ, ಎರಡು ಕೈಯಲ್ಲೂ ನೆಲ ಬಡಿಯುತ್ತ ಸಾವಿನ ಹಾಡು ತೆಗೆದೆ. "ಓ ನನ್ನ ತಾಯೇ, ಬಯಲಿಗೆ ಯಾರು ದಿಕ್ಕು, ಬೇಲಿಗೆ ಯಾರು ದಿಕ್ಕು" ಎಂದು ಪೂರ್ತಿ ಹಾಡಿದೆ. ಹಂಗಿಸಲಿಕ್ಕೇ ಹಾಡಿದ್ದು. ಗಂಟಲು ಮಾತ್ರ ದೇವರು ಚೆನ್ನಾಗಿಯೇ ಕೊಟ್ಟಿದ್ದಾನೆ, ದೋಣಿಕಟ್ಟೆಯವರೆಗೂ ಕೇಳಿಸಿತಂತೆ.

ಹಾಡು ಮುಗಿಸಿ ತಲೆಯೆತ್ತಿದರೆ ಯಾರೂ ನಗುತ್ತಿಲ್ಲ. ನನ್ನ ಎಲಿಸನ್ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಾನೆ.

"ಏನ್ ಮಾಡಿದ್ಯೇ ಮಾರಾಯ್ತಿ" ಎಂದ.

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಸಾವು ಊರಿಗೆ ಗೊತ್ತಾಗುವುದು ಉಸಿರು ನಿಂತಾಗಲ್ಲ, ಮಗಳು, ಮಗಳಿಲ್ಲದಿದ್ದರೆ ತಂಗಿಯ ಮಗಳು, ಬಾಗಿಲಲ್ಲಿ ಕೂತು ಹಾಡಿದಾಗ. ಹಾಡಿದ ಹಾಡನ್ನು ವಾಪಸು ನುಂಗುವ ದಾರಿಯಿಲ್ಲ. ಅವಳಿಗೆ ಮಕ್ಕಳಿಲ್ಲ, ಇದ್ದ ಒಬ್ಬಳೇ ತಂಗಿ ತೀರಿಹೋದ ನನ್ನಮ್ಮ, ಅಮ್ಮನಿಗಿದ್ದ ಒಬ್ಬಳೇ ಮಗಳು ನಾನು. ದೊಡ್ಡಮ್ಮ ಚಾಪೆಯ ಮೇಲೆ ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಳು. ಆ ತುಟಿಯ ಅಂಚಿನ ನಗು ನೋಡಿ ನನಗೆ ಅವಳ ಕುತ್ತಿಗೆ ಹಿಸುಕಿ ನಿಜವಾಗಿಯೂ ಸಾಯಿಸಬೇಕು ಅನಿಸಿತು.

ನಮ್ಮ ಸೋದರಮಾವ ಪ್ಯಾಟಿಸನ್‌ನನ್ನು ಕರೆಸಿದರು. ಕಟ್ಟುಕಟ್ಟಳೆಯ ಮಾತೆಲ್ಲ ಅವನದೇ. ಅವನು ಗಡ್ಡ ಕೆರೆದುಕೊಂಡು ಕೇಳಿದ:

"ಹಾಡಿದ್ಳಾ?"

"ಹಾಡಿದ್ಳು."

"ಪೂರ್ತಿ?"

"ಪೂರ್ತಿ."

"ಮುಗೀತಲ್ಲ ಮತ್ತೆ. ಎಲೆ ತನ್ನಿ."

"ಮಾವಾ, ಅವಳು ಉಸಿರಾಡ್ತಾ ಇದಾಳೆ!" ಎಂದು ನಾನು ಕಿರುಚಿದೆ.

"ಉಸಿರು ನೋಡಿ ಹಾಡಬೇಕಾಗಿತ್ತು ನೀನು. ನನ್ನ ಕೇಳಿದ್ರೆ?" ಎಂದು ಅವನು ಎಲೆ ಹಿಡಿದು ಬಯಲಿನ ಕಡೆ ಹೊರಟ.

ಹೀಗೆ ಹೆಪ್ಸಿಬಾ ದೊಡ್ಡಮ್ಮ ಸತ್ತಳು, ನನ್ನ ಅಡುಗೆಮನೆಯ ಒಲೆ ತಣ್ಣಗಾಯಿತು.

ಸತ್ತವರು ಒಲೆ ಹಚ್ಚಬಾರದು. ಹಾಡಿದವಳ ಮನೆಯಿಂದಲೇ ಅವರ ಊಟ ಹೋಗಬೇಕು. ಒಂದು ಕಡೆ ಹಂದಿಮರಿ, ಇನ್ನೊಂದು ಕಡೆ ದೊಡ್ಡಮ್ಮ, ಇಬ್ಬರನ್ನೂ ಸಾಕುವ ಭಾಗ್ಯ ನನ್ನದಾಯಿತು. ಎರಡರಲ್ಲಿ ಹಂದಿಯೇ ವಾಸಿ, ಉಪ್ಪು ಸಾಲದು ಅನ್ನುತ್ತಿರಲಿಲ್ಲ. ಸತ್ತವರು ಇಗರ್ಜಿಯ ಬೆಂಚಿನಲ್ಲಿ ಕೂರುವಂತಿಲ್ಲವೆಂದು ದೊಡ್ಡಮ್ಮ ಭಾನುವಾರ ಕಿಟಕಿಯ ಹೊರಗೆ ಕೂತು, ಒಳಗಿನವರೆಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು. ಪಾದ್ರಿಗಳನ್ನು ಕೇಳಿದ್ದಕ್ಕೆ, "ಸತ್ತವರೂ ಸಭೆಯ ಭಾಗವೇ ಅಲ್ಲವೇನಮ್ಮ" ಎಂದು ನಕ್ಕುಬಿಟ್ಟರು. ಬಯಲಿನ ವಿಷಯ ಬಂದರೆ ಮಾತ್ರ ಅವಳು ಬಾಯಿಗೆ ಬೀಗ ಹಾಕುತ್ತಿದ್ದಳು. ಬೇಲಿಯ ಕಡೆಗೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಉಳಿದದ್ದಕ್ಕೆಲ್ಲ ಆ ಬಾಯಿ ಮೊದಲಿನ ಹಾಗೇ ಇತ್ತು.

ಲೆಸ್ಲಿ ದೋಣಿಯಲ್ಲಿ ಬಂದು, ಖಾಲಿ ಬುಟ್ಟಿ ನೋಡಿ, ಕಥೆ ಕೇಳಿ, "ನಾನು ಹೋಟೆಲಲ್ಲಿ ಏನಂತ ಹೇಳ್ಲಿ? ಅಜ್ಜಿ ಸತ್ತಿದಾಳೆ, ಅಲ್ಲಿ ಕೂತು ಗೆಣಸು ತಿಂತಿದಾಳೆ ಅಂತ್ಲಾ?" ಎಂದ. ನನಗೆ ಅಳುವೇ ಬಂತು. ತಗಡಿನ ಅರ್ಧ ಭಾಗ ಹೊದಿಸದೆ ಉಳಿಯಿತು, ಅಲ್ಲಿಗೆ ಗರಿ ಹಾಕಿಕೊಂಡೆವು. ಜೊತೆಗಿದ್ದ ಹೆಂಗಸರಲ್ಲಿ ಇಬ್ಬರು ತೋಟದ ಕೆಲಸಕ್ಕೆ ಹೋದರು. ಉಳಿದವರು ಮರಗೆಣಸಿನ ಕಡುಬು, ತೆಂಗಿನ ಬನ್ನು ಮಾಡಿ ದೋಣಿಯವರಿಗೆ ಮಾರಿದೆವು. ನಡೆಯುತ್ತಿತ್ತು, ಅಷ್ಟೆ.

ಬಯಲು ಮಾತ್ರ ಎಲೆ ಕಟ್ಟಿದ ಮೇಲೆ ಬೇರೆಯೇ ಆಯಿತು. ಮೊದಲು ನಾಯಿಗಳನ್ನು ಓಡಿಸಲು ಹೋದ ಎಲಿಸನ್ ಬಂದು ಹೇಳಿದ, ನಾನು ನಂಬಲಿಲ್ಲ. ಆಮೇಲೆ ನಾನೇ ಹೋಗಿ ಬೇಲಿಯ ಸಂದಿಯಲ್ಲಿ ನೋಡಿದೆ. ಬೆಳ್ಳಂಬೆಳಿಗ್ಗೆ ಕಾಡಿನಿಂದ ಒಂದರ ಹಿಂದೊಂದು ಇಳಿಯುತ್ತಿದ್ದವು. ಗದ್ದಲವೇ ಗದ್ದಲ. ಒಂದು ತೋಡಿದ ಗುಂಡಿಗೆ ಇನ್ನೊಂದು ನುಗ್ಗಿ, ಜಗಳವಾಡಿ, ಕೆರೆದ ಮರಳು ಬೇಲಿ ದಾಟಿ ನನ್ನ ಕಣ್ಣಿಗೇ ಬಿತ್ತು. ಕಣ್ಣುಜ್ಜಿಕೊಳ್ಳುತ್ತ ನಿಂತವಳ ಕಾಲಿನ ಹತ್ತಿರ ಒಂದು ಮರಿ ಮರಳಿನಿಂದ ಎದ್ದು, ಮೈ ಕೊಡವಿ, ಪುರ್ರೆಂದು ಹಾರಿತು. ಮರಿ ಏಳುವುದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ! ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ, ನಾನು ಬಾಯಿಬಿಟ್ಟುಕೊಂಡು ಮೇಲೆ ನೋಡುತ್ತಿದ್ದೆ.

ಲೆಸ್ಲಿಗೆ ಇದನ್ನು ಹೇಳಿದೆ. ಅವನು ಮುಂದಿನ ಸಲ ಹೋಟೆಲಿನ ನಾಲ್ಕೈದು ಅತಿಥಿಗಳನ್ನು ಕರೆತಂದ. ಅವರು ನಮ್ಮ ಅಡುಗೆಮನೆಯಲ್ಲೇ ಮಲಗಿ, ಬೆಳಿಗ್ಗೆ ಬೇಲಿಯ ಹಿಂದೆ ಉಸಿರು ಬಿಗಿಹಿಡಿದು ಕೂತು ನೋಡಿ, ವಾಪಸು ಬಂದು ನನ್ನ ಬನ್ನೆಲ್ಲ ಖಾಲಿ ಮಾಡಿದರು. ಆಮೇಲೆ ಇನ್ನಷ್ಟು ಜನ ಬಂದರು. ಮೊಟ್ಟೆಯಷ್ಟು ಕಾಸು ಅದರಲ್ಲಿ ಹುಟ್ಟಲಿಲ್ಲ. ಆದರೆ ತೋಟಕ್ಕೆ ಹೋದ ಇಬ್ಬರೂ ವಾಪಸು ಬಂದರು.

ಆದರೂ ನನಗೆ ಬೇಗ ಎಲೆ ಬಿಚ್ಚಬೇಕಿತ್ತು. ಬಯಲು ತುಂಬ ಮೊಟ್ಟೆ, ಒಂದನ್ನೂ ಮುಟ್ಟುವಂತಿಲ್ಲ ಅಂದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಹಂದಿಗೆ ಹೊತ್ತುಹೊತ್ತಿಗೆ ತಿನ್ನಿಸಿದೆ. ಗೆಣಸು, ಕೊಬ್ಬರಿ, ಮೀನಿನ ತಲೆ. ಪ್ಯಾಟಿಸನ್ ಮಾವ ಪರೀಕ್ಷೆಗೆ ಬರುವ ದಿನ ಕೊಡಗಟ್ಟಲೆ ನೀರೂ ಕುಡಿಸಿದೆ. ಅವನು ಇಬ್ಬರು ಗಂಡಸರಿಗೆ ಗಳು ಕೊಟ್ಟ. ಅವರು ನಿರಾಯಾಸವಾಗಿ ಎತ್ತಿದರು. ಹಂದಿ ಎಲ್ಲರ ಮೇಲೂ ಉಚ್ಚೆ ಹೊಯ್ದಿತು.

"ಬರೀ ನೀರೇ" ಎಂದ ಮಾವ, ಲುಂಗಿ ಹಿಂಡಿಕೊಳ್ಳುತ್ತ.

ಅಷ್ಟು ತಿಂದರೂ ಈ ಹಾಳು ಹಂದಿ ಯಾಕೆ ಊದುತ್ತಿಲ್ಲವೆಂದು ನನಗೆ ಅನುಮಾನ ಬಂತು. ಒಂದು ಮಧ್ಯಾಹ್ನ ಹಂದಿಗೂಡಿನ ಹಿಂದೆ ಅಡಗಿ ಕೂತೆ. ಬಂದಳು ನೋಡಿ ದೊಡ್ಡಮ್ಮ, ಕೋಲೂರಿಕೊಂಡು. ಅತ್ತಿತ್ತ ನೋಡಿ, ತೊಟ್ಟಿಗೆ ಕೈಹಾಕಿ, ಒಳ್ಳೊಳ್ಳೆಯ ಗೆಣಸನ್ನೆಲ್ಲ ಮಡಿಲಿಗೆ ತುಂಬಿಕೊಂಡು, ಒಂದನ್ನು ಬಾಯಿಗಿಟ್ಟಳು.

"ಹಂದಿ ಊಟ ಕದಿಯೋಕೆ ನಾಚ್ಕೆ ಆಗಲ್ವಾ ನಿಂಗೆ?" ಎಂದು ಎದ್ದು ನಿಂತೆ.

ಅವಳು ಬೆಚ್ಚಿಬೀಳಲಿಲ್ಲ, ನಿಧಾನವಾಗಿ ಅಗಿದು ನುಂಗಿದಳು. "ನಂಗೆ ಕಳಿಸಿದ್ದಕ್ಕಿಂತ ಇದೇ ಚೆನ್ನಾಗಿ ಬೆಂದಿದೆ ಕಣೇ."

"ಯಾಕೆ ದೊಡ್ಡಮ್ಮಾ ನನ್ನ ಹೊಟ್ಟೆ ಮೇಲೆ ಹೊಡೀತೀಯ? ಬಯಲು ತುಂಬಿದೆ, ನೀನೇ ಗೆದ್ದೆ. ಹಂದಿ ಕಡಿದು ಊಟ ಹಾಕಿ ಮುಗಿಸೋಣ. ನೀನೂ ಎದ್ದು ಬಂದು ನಿನ್ನ ಜಾಗದಲ್ಲಿ ಕೂತ್ಕೋ, ಮೊದಲಿನ ಹಾಗೆ ಅಧಿಕಾರ ನಡೆಸು."

ದೊಡ್ಡಮ್ಮ ನನ್ನನ್ನು ಪಿಳಿಪಿಳಿ ನೋಡಿದಳು. "ಎಲ್ಲಿಗೆ ಎದ್ದು ಬರ್ಲಿ? ಸತ್ತೋರಿಗೆ ಜಾಗ ಎಲ್ಲಿದೆ? ಅವತ್ತು ನೀನು ಹಾಡಿದ್ದೇ ಬಯಲು ನಿಂದಾಯ್ತು. ನನ್ನ ಪಾಲೂ ನಿಂದೇ, ಮಾತೂ ನಿಂದೇ. ಎಲೆ ಬಿಚ್ಚೋ ದಿನ ಅಪ್ಪಣೆ ಕೊಡೋಳು ನೀನು. ನಂಗೆ ಆ ಬೇಲಿಯೊಳಗೆ ಒಂದು ಹಿಡಿ ಮರಳೂ ಇಲ್ಲ."

ಇಡೀ ಊರಿಗೆ ಇದು ಗೊತ್ತಿರಬೇಕು, ನನಗೂ ಗೊತ್ತಿರಬೇಕಾಗಿತ್ತು. ಅವಳು ನನಗೆ ಮೋಸ ಮಾಡಿದಳು, ನನ್ನ ಅಡುಗೆಮನೆ ಮುಳುಗಿಸಿದಳು ಎಂದು ಬೈಯುವುದರಲ್ಲೇ ನಾನು ಮುಳುಗಿದ್ದೆ. ಅವಳು ಬುದ್ಧಿ ಬಂದಾಗಿನಿಂದ ದಿನಾ ಬೆಳಿಗ್ಗೆ ಗುಡಿಸಿ, ಬೇಲಿ ಕಟ್ಟಿ, ಕೋಳಿಗೆ ಮೆತ್ತಗಿರಲೆಂದು ಕೈಯಿಂದಲೇ ಮರಳು ಜರಡಿ ಹಿಡಿದ ನೆಲ ಅದು. ಅದನ್ನು ತಮಾಷೆ ಮಾಡುತ್ತಲೇ ಬಿಟ್ಟುಕೊಟ್ಟಿದ್ದಳು.

"ಮೊದ್ಲೇ ಹೇಳೋದಲ್ವಾ?" ಎಂದೆ.

"ಹೇಳಿದ್ರೆ ನೀನು ಹಾಡ್ತಿದ್ಯಾ? ಹೋಗು, ಹಂದಿಗೆ ಗೆಣಸು ಹಾಕು. ಇನ್ನು ಕದಿಯಲ್ಲ. ನಂಗೂ ಸತ್ತು ಸತ್ತು ಸಾಕಾಗಿದೆ."

ಹಂದಿ ಬೆಳೆಯಿತು. ಮಾವ ಇಬ್ಬರಿಗೆ ಗಳು ಕೊಟ್ಟ, ಆಗಲಿಲ್ಲ. ಮೂವರಿಗೆ ಕೊಟ್ಟ, ಮೊಣಕಾಲಿನವರೆಗೆ ಎತ್ತಿ ಬಿಟ್ಟರು. ನಾಲ್ಕು ಜನ ಹೊತ್ತು ತಂದ ಹಂದಿಯನ್ನು ಬಯಲಿನ ಅಂಚಿನಲ್ಲೇ ಕಲ್ಲಿನೊಲೆಗೆ ಹಾಕಿದರು. ತನ್ನ ಸಾವಿನ ಊಟವನ್ನು ದೊಡ್ಡಮ್ಮ ಎರಡು ಸಲ ಬಡಿಸಿಕೊಂಡು ಉಂಡಳು, ಬೆನ್ನಿನ ಕೊಬ್ಬು ತನಗೇ ಬೇಕೆಂದು ಜಗಳವಾಡಿ ತೆಗೆಸಿಕೊಂಡಳು. ಊಟವಾದ ಮೇಲೆ ಮಾವ ಎಲೆ ಬಿಚ್ಚಿದ. ಎಲ್ಲ ಮನೆಯ ಹೆಂಗಸರೂ ಬುಟ್ಟಿ ಹಿಡಿದು ಬೇಲಿಯೊಳಗೆ ಬಂದು ನಿಂತರು. ಮಾವ ನನ್ನ ಕಡೆ ತಿರುಗಿ, ಈವರೆಗೆ ದೊಡ್ಡಮ್ಮನಿಗೆ ಮಾತ್ರ ಹೇಳುತ್ತಿದ್ದ ಮಾತು ಹೇಳಿದ:

"ಏನಪ್ಪಣೆ, ಯಜಮಾನ್ತಿ?"

ಲೆಸ್ಲಿ ಹೊಸ ಬುಟ್ಟಿಗಳನ್ನೇ ಕಳಿಸಿದ್ದ. ಅವನ್ನು ನೋಡಿದೆ, ಬಯಲು ನೋಡಿದೆ. ಗಂಟಲು ಸರಿಮಾಡಿಕೊಂಡು ಹೇಳಿದೆ: "ಈಗ ತೆಗೀರಿ. ಒಂದೊಂದು ಮನೆಗೆ ದಿನಕ್ಕೆ ಒಂದೇ ಬುಟ್ಟಿ, ಪಾಲಿಲ್ಲದೋರಿಗೆ ಬೇಲಿ ಹತ್ರ ತಲೆಗೊಂದು ಮೊಟ್ಟೆ. ಕಾಡಿನ ಬಾದಾಮಿ ಉದುರೋಕೆ ಶುರುವಾದ್ರೆ ನಾನೇ ಬಂದು ಎಲೆ ಕಟ್ತೀನಿ, ಪ್ರತಿ ವರ್ಷ. ಮುಚ್ಚಿದ ದಿನಗಳಲ್ಲಿ ಕೋಳಿ ನೋಡೋಕೆ ಬರೋರ ಊಟ, ದೋಣಿ, ಹಾಸಿಗೆ, ಅದರ ಕೆಲಸ ಎಲ್ಲ ಮನೆಗೂ ಸರದಿ ಮೇಲೆ."

"ಯಾರೂ ಸಾಯದೆ ಎಲೆ ಕಟ್ಟೋದಾ? ಇದ್ಯಾವ ಕಟ್ಟಳೆ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಸಾಯಲೇಬೇಕು ಅಂದ್ರೆ ನಾನು ರೆಡಿ" ಎಂದೆ. "ನನ್ನ ಮಗಳ ಗಂಟಲು ನನಗಿಂತ ದೊಡ್ಡದು. ಹಂದಿಮರಿ ಈ ಸಲ ಇನ್ನೂ ಸಣ್ಣದು ತರಿಸ್ತೀನಿ."

ನಗು ಎದ್ದಿತು. ನಗುನಗುತ್ತಲೇ ಒಂದೊಂದು ಮನೆಯವರೂ ಆಗಲಿ ಅಂದರು. ದೊಡ್ಡಮ್ಮನ ಬಾಯಲ್ಲಿ ಎಷ್ಟೋ ವರ್ಷ ಆಗದ ಕೆಲಸ ಆಗಿಹೋಯಿತು. ತೋಳು ಇಳಿಸಿದಲ್ಲೆಲ್ಲ ಮೊಟ್ಟೆ. ಹೆಂಗಸರು ಮರಳಿನ ಮೇಲೆ ಮಲಗಿ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು. ನನ್ನ ಬುಟ್ಟಿ ತುಂಬಿದ ಮೇಲೆ ಪಾಲಿಲ್ಲದವರಿಗೆ ಕೊಡಲು ಬೇಲಿಯ ಹತ್ತಿರ ಹೋದೆ. ಬೇರೆ ಊರಿಂದ ಮದುವೆಯಾಗಿ ಬಂದವರು, ದೋಣಿಯವರು ಸಾಲಾಗಿ ನಿಂತಿದ್ದರು. ಸಾಲಿನ ಕೊನೆಯಲ್ಲಿ ದೊಡ್ಡಮ್ಮ ಕೋಲೂರಿಕೊಂಡು ನಿಂತಿದ್ದಳು.

"ಒಳಗೆ ಬಾ ದೊಡ್ಡಮ್ಮಾ, ಯಾಕೆ ಅಲ್ಲಿ ನಿಂತೆ" ಎಂದೆ. ಕಣ್ಣು ತುಂಬಿ ಬಂದಿತ್ತು.

"ಹೊರಗಿನೋರು ಒಳಗೆ ಕಾಲಿಡಬಾರ್ದು. ಒಂದು ಮೊಟ್ಟೆ ಕೊಡ್ತೀರಾ, ಯಜಮಾನ್ತೀ?" ಎಂದು ಎರಡೂ ಕೈ ಚಾಚಿದಳು. ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಇದ್ದುದರಲ್ಲಿ ದೊಡ್ಡದನ್ನು ಆರಿಸಿ ಅವಳ ಕೈಗಿಟ್ಟೆ. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಬಿಸಿ ನೋಡಿದಳು, ಉಟ್ಟ ಬಟ್ಟೆಯ ಚುಂಗಿನಲ್ಲಿ ಕಟ್ಟಿದಳು, ಮತ್ತೆ ಕೈ ಚಾಚಿದಳು.

"ಇನ್ನೊಂದು."

ನನ್ನ ಕೈ ಬುಟ್ಟಿಗೆ ಹೋಯಿತು. ಯಾರಿಗೆ ಕೊಡದಿದ್ದರೂ ಇವಳಿಗೆ ಕೊಡದಿರುವುದು ಹೇಗೆ? ಸಾಲಿನವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ಅವಳೂ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

ಕೈ ಹಿಂದಕ್ಕೆ ತೆಗೆದೆ. "ಇಲ್ಲ ದೊಡ್ಡಮ್ಮ. ತಲೆಗೊಂದೇ."

"ಅಯ್ಯೋ ಜಿಪುಣಿ! ಸತ್ತ ಮುದುಕಿಗೆ ಒಂದು ಮೊಟ್ಟೆ ಕೊಡೋಕೆ ಕೈ ಬರಲ್ವಾ ನಿಂಗೆ? ಎದೆಯೋ ಕಲ್ಲೋ ನಿಂದು?" ಎಂದು ಅವಳು ಕೋಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಬೈದಳು. ಬೈಯುತ್ತಲೇ ತಿರುಗಿ ಊರಿನ ದಾರಿ ಹಿಡಿದಳು. ದಾರಿಯುದ್ದಕ್ಕೂ ಸಿಕ್ಕ ಸಿಕ್ಕವರನ್ನು ನಿಲ್ಲಿಸಿ, ನೆಸ್ಟಾ ತನಗೇ ಎರಡನೆಯ ಮೊಟ್ಟೆ ಕೊಡಲಿಲ್ಲವೆಂದು ಹೇಳುತ್ತ, ಅಡಿಕೆಯ ಕೆಂಪು ಬಾಯಿ ತುಂಬ ನಗುತ್ತ ಹೋದಳು.